ಜಾಗತಿಕ ಯುದ್ಧವನ್ನು ತಡೆಯಲು ನಾಯಕರು ಮಾಡುವುದೇನು? ಪದೇ ಪದೇ ಕೇಳುವ ಪ್ರಶ್ನೆಗಳು

ಯಾವುದೋ ಗಡಿಯಲ್ಲಿ ಕ್ಷಿಪಣಿ ಬಿದ್ದ ಸುದ್ದಿ ಬಂದಾಗಲೆಲ್ಲ ‘ಮೂರನೇ ಮಹಾಯುದ್ಧ’ ಎಂಬ ಮಾತು ತಲೆಬರಹಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅಂಥ ಹೊತ್ತಿನಲ್ಲಿ ಅಧ್ಯಕ್ಷರು, ಪ್ರಧಾನಿಗಳು, ರಾಯಭಾರಿಗಳು ನಿಜವಾಗಿ ಏನು ಮಾಡುತ್ತಾರೆ, ಅವರ ಕೈಯಲ್ಲಿರುವ ಸಾಧನಗಳು ಯಾವುವು, ಅವು ಎಲ್ಲಿ ನೆರವಾಗಿವೆ, ಎಲ್ಲಿ ಕೈಕೊಟ್ಟಿವೆ ಎಂಬ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಯುದ್ಧ ತಪ್ಪಿದ ಬಹುತೇಕ ಸಂದರ್ಭಗಳಲ್ಲಿ ನಾಯಕರಿಗೆ ಯೋಚಿಸಲು ಸಮಯವಿತ್ತು, ಎದುರಾಳಿಗೆ ಮುಖಭಂಗವಿಲ್ಲದೆ ಹಿಂದೆ ಸರಿಯಲು ದಾರಿಯಿತ್ತು ಎಂಬುದು ಈ ಉತ್ತರಗಳ ಹಿಂದಿರುವ ಅಭಿಪ್ರಾಯ.

ಎಂಥ ಯುದ್ಧವನ್ನು ಜಾಗತಿಕ ಯುದ್ಧ ಎನ್ನಬೇಕು?

ಇದಕ್ಕೆ ಕಾನೂನಿನಲ್ಲಿ ಒಪ್ಪಿತ ವ್ಯಾಖ್ಯೆಯಿಲ್ಲ. ಹಲವು ಮಹಾಶಕ್ತಿಗಳು ನೇರವಾಗಿ ಪರಸ್ಪರ ಕಾದಾಡುವ, ಒಂದಕ್ಕಿಂತ ಹೆಚ್ಚು ಖಂಡಗಳಿಗೆ ಹರಡುವ ಯುದ್ಧ ಎಂದಿಟ್ಟುಕೊಂಡರೆ ಸಾಕು. ‘ನೇರವಾಗಿ’ ಎಂಬ ಷರತ್ತನ್ನು ನಾಯಕರು ಎಷ್ಟು ಗಂಭೀರವಾಗಿ ಪರಿಗಣಿಸುತ್ತಾರೆ ಎಂಬುದಕ್ಕೆ ಕೊರಿಯಾ ಯುದ್ಧ ಸಾಕ್ಷಿ. ಅಲ್ಲಿ ಸೋವಿಯತ್ ಪೈಲಟ್‌ಗಳು ಬೇರೆ ದೇಶದ ಗುರುತು ಹೊತ್ತ ಮಿಗ್-15 ವಿಮಾನಗಳಲ್ಲಿ ಅಮೆರಿಕದ ವಿಮಾನಗಳೊಡನೆ ಕಾದಾಡಿದರು. ಮಾಸ್ಕೊ ಅದನ್ನು ಬಚ್ಚಿಟ್ಟಿತು. ವಿಷಯ ತಿಳಿದಿದ್ದ ವಾಷಿಂಗ್ಟನ್ ಕೂಡ ಬಾಯಿ ಬಿಡಲಿಲ್ಲ. ಬಹಿರಂಗವಾದರೆ ಎರಡೂ ಸರ್ಕಾರಗಳು ಬೇಡದ ಹೆಜ್ಜೆಯಿಡಬೇಕಾಗುತ್ತಿತ್ತು.

1914ರಲ್ಲಿ ಯುದ್ಧವನ್ನು ತಡೆಯಲು ಯಾರೂ ಪ್ರಯತ್ನಿಸಲಿಲ್ಲವೆ?

ಪ್ರಯತ್ನಿಸಿದರು, ಆದರೆ ತಡವಾಗಿ. ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯಾ-ಹಂಗೆರಿಯ ಯುವರಾಜ ಫ್ರಾಂಜ್ ಫರ್ಡಿನಾಂಡ್‌ನ ಕೊಲೆಯಾಯಿತು. ಅನಂತರದ ಮೂರೂವರೆ ವಾರ ಯುರೋಪಿನ ರಾಜಧಾನಿಗಳು ಹೊರನೋಟಕ್ಕೆ ಶಾಂತವಾಗಿಯೇ ಇದ್ದವು. ಆಸ್ಟ್ರಿಯಾ ತನ್ನ ಬೇಡಿಕೆಗಳನ್ನು ಸರ್ಬಿಯಾಕ್ಕೆ ಕಳುಹಿಸಿದ್ದು ಜುಲೈ 23ರ ಸಂಜೆ, ಉತ್ತರಿಸಲು ಕೊಟ್ಟ ಗಡುವು ಕೇವಲ 48 ಗಂಟೆ. ಜುಲೈ 26ರಂದು ಬ್ರಿಟನ್ನಿನ ವಿದೇಶಾಂಗ ಸಚಿವ ಎಡ್ವರ್ಡ್ ಗ್ರೇ ನಾಲ್ಕು ರಾಷ್ಟ್ರಗಳ ಮಧ್ಯಸ್ಥಿಕೆ ಸಭೆಯನ್ನು ಸೂಚಿಸಿದಾಗ ಜರ್ಮನಿ ಒಪ್ಪಲಿಲ್ಲ. ಜುಲೈ 28ರಂದು ಸರ್ಬಿಯಾದ ಉತ್ತರವನ್ನು ಓದಿದ ಜರ್ಮನಿಯ ಚಕ್ರವರ್ತಿ ಎರಡನೇ ವಿಲ್ಹೆಲ್ಮ್‌ಗೆ ಇನ್ನು ಯುದ್ಧಕ್ಕೆ ಕಾರಣವಿಲ್ಲ ಎನ್ನಿಸಿತು. ಆಸ್ಟ್ರಿಯಾದ ಸೇನೆ ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್‌ನಲ್ಲಿ ನಿಂತು ಮಾತುಕತೆಗೆ ಕಾಯಲಿ ಎಂದು ಆತ ಸೂಚಿಸಿದ. ಅವನ ಚಾನ್ಸಲರ್ ಆ ಸಲಹೆಯನ್ನು ವಿಯೆನ್ನಾಕ್ಕೆ ತಲುಪಿಸಲು ತಡಮಾಡಿದ, ಆಸ್ಟ್ರಿಯಾ ಅದೇ ದಿನ ಯುದ್ಧ ಘೋಷಿಸಿಬಿಟ್ಟಿತು.

ಮುಂದಿನ ಎರಡು ದಿನಗಳಲ್ಲಿ ನಡೆದದ್ದು ಇನ್ನೂ ಕಳವಳಕಾರಿ. ಸೋದರಸಂಬಂಧಿಗಳಾಗಿದ್ದ ಜರ್ಮನ್ ಚಕ್ರವರ್ತಿ ಮತ್ತು ರಷ್ಯಾದ ತ್ಸಾರ್ ಎರಡನೇ ನಿಕೋಲಸ್ ಒಬ್ಬರಿಗೊಬ್ಬರು ಖಾಸಗಿ ತಂತಿಗಳನ್ನು ಕಳುಹಿಸಿಕೊಂಡರು. ವಿವಾದವನ್ನು ಹೇಗ್‌ನ ಅಂತಾರಾಷ್ಟ್ರೀಯ ಮಧ್ಯಸ್ಥಿಕೆಗೆ ಒಪ್ಪಿಸೋಣ ಎಂದು ತ್ಸಾರ್ ಸೂಚಿಸಿದ. ಜುಲೈ 29ರ ರಾತ್ರಿ ಆತ ಪೂರ್ಣ ಸೇನಾ ಜಮಾವಣೆಯ ಆದೇಶವನ್ನು ತಡೆಹಿಡಿದದ್ದೂ ಉಂಟು. ಆದರೆ ಇನ್ನೊಂದು ದಿನ ಕಾದರೆ ಜರ್ಮನಿ ಮುಂದಾಗುತ್ತದೆ ಎಂದು ಮಂತ್ರಿಗಳೂ ಸೇನಾಧಿಕಾರಿಗಳೂ ಒತ್ತಾಯಿಸಿದ್ದರಿಂದ ಮರುದಿನ ಮಧ್ಯಾಹ್ನ ಮತ್ತೆ ಒಪ್ಪಿಗೆ ಕೊಟ್ಟ. ಆಗಸ್ಟ್ 1ರಂದು ಬರ್ಲಿನ್‌ನಲ್ಲಿಯೂ ಹೀಗೆಯೇ ಆಯಿತು. ಫ್ರಾನ್ಸ್ ಹೊರಗುಳಿಯಬಹುದು ಎಂಬ ಸುಳಿವು ಲಂಡನ್ನಿನಿಂದ ಬಂದಾಗ, ಸೇನೆಯನ್ನೆಲ್ಲ ಪೂರ್ವಕ್ಕೆ ತಿರುಗಿಸಿ ಎಂದು ಚಕ್ರವರ್ತಿ ಸೇನಾ ಮುಖ್ಯಸ್ಥ ಮೋಲ್ಟ್ಕೆಗೆ ಹೇಳಿದ. ವರ್ಷಗಟ್ಟಲೆ ಕೂತು ಸಿದ್ಧಪಡಿಸಿದ ರೈಲುಗಳ ವೇಳಾಪಟ್ಟಿಯನ್ನು ಒಂದು ರಾತ್ರಿಯಲ್ಲಿ ಬದಲಿಸಲಾಗದು ಎಂಬುದು ಮೋಲ್ಟ್ಕೆಯ ಉತ್ತರವಾಗಿತ್ತು. ಆ ಸುಳಿವು ಹುಸಿ ಎಂಬುದು ಕೆಲವೇ ಗಂಟೆಗಳಲ್ಲಿ ತಿಳಿಯಿತು.

ಇದರಿಂದ ‘ಯಾರಿಗೂ ಯುದ್ಧ ಬೇಕಿರಲಿಲ್ಲ’ ಎಂದು ತೀರ್ಮಾನಿಸುವುದು ಸರಿಯಲ್ಲ. ಸರ್ಬಿಯಾವನ್ನು ಬಗ್ಗುಬಡಿಯಲು ವಿಯೆನ್ನಾಕ್ಕೆ ಯುದ್ಧ ಬೇಕಿತ್ತು, ಅದಕ್ಕೆ ಬೆನ್ನು ತಟ್ಟಿದ್ದು ಬರ್ಲಿನ್. ಅವರಿಗೆ ಬೇಡವಾಗಿದ್ದುದು ನಾಲ್ಕು ವರ್ಷ ನಡೆದ ಆ ಮಹಾಯುದ್ಧ. ಸಣ್ಣ ಯುದ್ಧವನ್ನು ಸಣ್ಣದಾಗಿಯೇ ಇಟ್ಟುಕೊಳ್ಳಬಹುದೆಂಬ ಭರವಸೆಯೇ ಅವರನ್ನು ಮುಳುಗಿಸಿತು.

1938ರಲ್ಲಿ ಮಾತುಕತೆಯಾಗಿತ್ತು, ಸಮಯವೂ ಇತ್ತು. ಆದರೂ ಯುದ್ಧವಾಯಿತಲ್ಲ?

ಈ ಆಕ್ಷೇಪ ನ್ಯಾಯವಾದದ್ದು. ಸೆಪ್ಟೆಂಬರ್ ಕೊನೆಯಲ್ಲಿ ಮ್ಯೂನಿಕ್‌ನಲ್ಲಿ ಬ್ರಿಟನ್ನಿನ ಚೇಂಬರ್ಲೇನ್ ಮತ್ತು ಫ್ರಾನ್ಸಿನ ದಲಾದಿಯೆ, ಹಿಟ್ಲರ್ ಮತ್ತು ಮುಸೊಲಿನಿಯ ಜೊತೆ ಕುಳಿತು ಜೆಕೊಸ್ಲೊವಾಕಿಯಾದ ಸುಡೆಟನ್‌ಲ್ಯಾಂಡ್ ಪ್ರದೇಶವನ್ನು ಜರ್ಮನಿಗೆ ಬಿಟ್ಟುಕೊಟ್ಟರು. ನೆಲ ಕಳೆದುಕೊಂಡ ದೇಶವನ್ನು ಸಭೆಯ ಮೇಜಿಗೇ ಕರೆಯಲಿಲ್ಲ. 1939ರ ಮಾರ್ಚ್ 15ರಂದು ಹಿಟ್ಲರನ ಸೇನೆ ಪ್ರಾಗ್ ಪ್ರವೇಶಿಸಿತು. ಹಿಂದೆ ಸರಿಯಲು ದಾರಿ ಬಿಟ್ಟುಕೊಡುವುದು ಹಿಂದೆ ಸರಿಯುವ ಮನಸ್ಸಿರುವವರ ಮಟ್ಟಿಗೆ ಮಾತ್ರ ಫಲಿಸುತ್ತದೆ. ನೆಲವನ್ನೇ ಗುರಿಯಾಗಿಸಿಕೊಂಡವನಿಗೆ ಪ್ರತಿ ರಿಯಾಯಿತಿಯೂ ಮುಂದಿನ ಮೆಟ್ಟಿಲು.

ತೊಡಕೆಂದರೆ, ಎದುರಿಗಿರುವವನು ಯಾವ ಬಗೆಯವನೆಂದು ಆ ಕ್ಷಣದಲ್ಲಿ ಗೊತ್ತಾಗುವುದಿಲ್ಲ. ಅಂದಿನಿಂದ ಪ್ರತಿಯೊಂದು ರಾಜಿಯನ್ನೂ ಮ್ಯೂನಿಕ್‌ಗೆ ಹೋಲಿಸಿ ಹಳಿಯುವ ಅಭ್ಯಾಸ ರಾಜಕಾರಣಿಗಳಿಗೆ ಅಂಟಿಕೊಂಡಿದೆ. 1956ರಲ್ಲಿ ಬ್ರಿಟನ್ನಿನ ಪ್ರಧಾನಿ ಆಂಥೊನಿ ಈಡನ್ ಈಜಿಪ್ಟಿನ ನಾಸೆರ್‌ನಲ್ಲಿ ಮತ್ತೊಬ್ಬ ಸರ್ವಾಧಿಕಾರಿಯನ್ನು ಕಂಡು, ಸೂಯೆಜ್ ಕಾಲುವೆಗಾಗಿ ಸೇನೆ ಕಳುಹಿಸುವ ಸಾಹಸಕ್ಕೆ ಇಳಿದು, ಕೊನೆಗೆ ಹುದ್ದೆಯನ್ನೇ ಕಳೆದುಕೊಂಡರು. ಇತಿಹಾಸದ ಪಾಠ ಎಂದು ಯಾರಾದರೂ ಒಂದೇ ಘಟನೆಯನ್ನು ಮುಂದಿಟ್ಟರೆ ಸಂಶಯಪಡುವುದು ಒಳ್ಳೆಯದು.

1962ರ ಕ್ಯೂಬಾ ಬಿಕ್ಕಟ್ಟಿನಲ್ಲಿ ಯುದ್ಧ ತಪ್ಪಿದ್ದು ಹೇಗೆ?

ಅಕ್ಟೋಬರ್ 14ರಂದು ಯು-2 ಬೇಹುಗಾರಿಕೆ ವಿಮಾನವೊಂದು ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿ ನೆಲೆಗಳ ಚಿತ್ರ ತೆಗೆಯಿತು. ಅಧ್ಯಕ್ಷ ಕೆನೆಡಿಗೆ ವಿಷಯ ತಿಳಿದದ್ದು 16ರಂದು, ಅಮೆರಿಕದ ಜನರಿಗೆ ತಿಳಿದದ್ದು 22ರಂದು. ಈ ನಡುವಿನ ಗುಟ್ಟಿನ ದಿನಗಳೇ ಬಿಕ್ಕಟ್ಟಿನ ದಿಕ್ಕನ್ನು ಬದಲಿಸಿದವು. ಮೊದಲ ದಿನ ಸಲಹೆಗಾರರಲ್ಲಿ ಹೆಚ್ಚಿನವರ ಒಲವು ಬಾಂಬ್ ದಾಳಿಯ ಕಡೆಗಿತ್ತು. ವಾರಪೂರ್ತಿ ವಾದ ನಡೆದ ಮೇಲೆ ಗೆದ್ದದ್ದು ನೌಕಾ ದಿಗ್ಬಂಧನದ ಸಲಹೆ. ದಾಳಿ ಒಮ್ಮೆ ಆದರೆ ಹಿಂದಕ್ಕೆ ಪಡೆಯಲಾಗದು. ದಿಗ್ಬಂಧನವಾದರೆ ಹಡಗುಗಳು ಬಂದು ತಲುಪುವವರೆಗೂ ಮಾಸ್ಕೊಗೆ ಯೋಚಿಸಲು ಅವಕಾಶವಿರುತ್ತದೆ.

ಅಕ್ಟೋಬರ್ 27ರ ಶನಿವಾರ ಎಲ್ಲವೂ ಕೈಮೀರುವಂತಿತ್ತು. ಕ್ಯೂಬಾದ ಮೇಲೆ ಹಾರುತ್ತಿದ್ದ ಯು-2 ವಿಮಾನವನ್ನು ಸೋವಿಯತ್ ಕ್ಷಿಪಣಿ ಉರುಳಿಸಿ ಅದರ ಪೈಲಟ್ ಸತ್ತರು. ಮತ್ತೊಂದು ಯು-2 ದಾರಿ ತಪ್ಪಿ ಸೋವಿಯತ್ ವಾಯುಪ್ರದೇಶಕ್ಕೆ ನುಗ್ಗಿತು. ಬಿ-59 ಎಂಬ ಸೋವಿಯತ್ ಜಲಾಂತರ್ಗಾಮಿ ನೀರಿನ ಮೇಲೆ ಬರಲೆಂದು ಅಮೆರಿಕದ ನೌಕೆಗಳು ಸಣ್ಣ ಸಿಡಿಗುಂಡುಗಳನ್ನು ಎಸೆಯುತ್ತಿದ್ದಾಗ, ಅದರ ಕ್ಯಾಪ್ಟನ್ ಯುದ್ಧ ಆರಂಭವಾಗಿದೆಯೆಂದು ಭಾವಿಸಿ ಪರಮಾಣು ಟಾರ್ಪಿಡೊ ಸಜ್ಜುಗೊಳಿಸಲು ಹೊರಟರು. ಅದರೊಳಗಿದ್ದ ಹಿರಿಯ ಅಧಿಕಾರಿ ವಸಿಲಿ ಅರ್ಖಿಪೊವ್ ಆ ಕ್ಯಾಪ್ಟನ್ನನ್ನು ಸಮಾಧಾನಪಡಿಸಿದರು. ಆ ಜಲಾಂತರ್ಗಾಮಿಯಲ್ಲಿ ಪರಮಾಣು ಅಸ್ತ್ರವಿದೆಯೆಂಬುದೇ ಕೆನೆಡಿಗೆ ತಿಳಿದಿರಲಿಲ್ಲ.

ಅದೇ ರಾತ್ರಿ ಅಧ್ಯಕ್ಷರ ತಮ್ಮ ರಾಬರ್ಟ್ ಕೆನೆಡಿ ಸೋವಿಯತ್ ರಾಯಭಾರಿ ಅನತೋಲಿ ದೊಬ್ರಿನಿನ್ ಅವರನ್ನು ಭೇಟಿಯಾದರು. ಕ್ಯೂಬಾದ ಮೇಲೆ ಆಕ್ರಮಣ ಮಾಡುವುದಿಲ್ಲ ಎಂಬ ವಚನ ಬಹಿರಂಗವಾಗಿರುತ್ತದೆ, ಟರ್ಕಿಯಲ್ಲಿರುವ ಅಮೆರಿಕದ ಜುಪಿಟರ್ ಕ್ಷಿಪಣಿಗಳನ್ನು ತೆಗೆಯುವ ಮಾತು ಗುಟ್ಟಾಗಿರಬೇಕು ಎಂಬುದು ಅಲ್ಲಿಯ ಒಪ್ಪಂದದ ಸಾರ. ಮರುದಿನ ಸೋವಿಯತ್ ನಾಯಕ ಕ್ರುಶ್ಚೆವ್ ಕ್ಷಿಪಣಿಗಳನ್ನು ವಾಪಸು ತರಿಸುವುದಾಗಿ ರೇಡಿಯೊ ಮೂಲಕವೇ ಪ್ರಕಟಿಸಿದರು. ಟರ್ಕಿಯ ಕ್ಷಿಪಣಿಗಳು 1963ರ ಏಪ್ರಿಲ್ ಹೊತ್ತಿಗೆ ಸದ್ದಿಲ್ಲದೆ ಹೋದವು. ಒಪ್ಪಂದದ ಆ ಅರ್ಧ ಭಾಗ ಗುಟ್ಟಾಗಿದ್ದ ಕಾರಣ ಬಹಳ ವರ್ಷ ಜನ ಇದನ್ನು ಬಿಗಿಪಟ್ಟಿನ ಗೆಲುವೆಂದೇ ನಂಬಿದರು; ಹಾಗೆ ನಂಬಿ ಕಲಿತ ತಪ್ಪು ಪಾಠದ ಬೆಲೆಯೂ ಕಡಿಮೆಯದಲ್ಲ. ಇನ್ನೊಂದು ಮಾತು: ತನ್ನನ್ನು ಕೇಳದೆ ಮಾಡಿಕೊಂಡ ಈ ಒಪ್ಪಂದದಿಂದ ಕ್ಯೂಬಾದ ಕಾಸ್ಟ್ರೊ ಕೆರಳಿ ಕೆಂಡವಾದರು.

ನಾಯಕರ ನಡುವೆ ನಿಜಕ್ಕೂ ‘ಕೆಂಪು ಫೋನ್’ ಇದೆಯೆ?

ಇಲ್ಲ. ವಾಷಿಂಗ್ಟನ್ ಮತ್ತು ಮಾಸ್ಕೊ ನಡುವಿನ ಹಾಟ್‌ಲೈನ್ 1963ರ ಆಗಸ್ಟ್ 30ರಂದು ಆರಂಭವಾದಾಗ ಅದು ಟೆಲಿಪ್ರಿಂಟರ್ ಆಗಿತ್ತು, ಈಗಲೂ ಅದು ಲಿಖಿತ ಸಂದೇಶಗಳ ವ್ಯವಸ್ಥೆಯೇ. ಕ್ಯೂಬಾ ಬಿಕ್ಕಟ್ಟಿನ ವೇಳೆ ಕ್ರುಶ್ಚೆವ್ ಅವರ ಒಂದು ದೀರ್ಘ ಪತ್ರ ವಾಷಿಂಗ್ಟನ್ನಿಗೆ ಪೂರ್ತಿಯಾಗಿ ತಲುಪಲು ಸುಮಾರು 12 ಗಂಟೆ ಹಿಡಿದಿತ್ತು. ಸೋವಿಯತ್ ರಾಯಭಾರ ಕಚೇರಿಯ ತಂತಿಗಳನ್ನು ಒಯ್ಯಲು ತಂತಿ ಕಂಪನಿಯ ಹುಡುಗ ಸೈಕಲ್ಲಿನಲ್ಲಿ ಬರುತ್ತಿದ್ದನೆಂದು ದೊಬ್ರಿನಿನ್ ಮುಂದೆ ನೆನಪಿಸಿಕೊಂಡಿದ್ದಾರೆ. ಆ ಅನುಭವದಿಂದ ಹುಟ್ಟಿದ ಹಾಟ್‌ಲೈನ್‌ನಲ್ಲಿ ಧ್ವನಿಯನ್ನು ಬೇಕೆಂದೇ ಕೈಬಿಡಲಾಯಿತು. ಸಿಟ್ಟಿನಲ್ಲಿ ಆಡಿದ ಮಾತಿಗಿಂತ, ನಾಲ್ಕು ಜನ ಕೂತು ಬರೆದ ನಾಲ್ಕು ಸಾಲು ಸುರಕ್ಷಿತ.

1967ರ ಅರಬ್–ಇಸ್ರೇಲ್ ಯುದ್ಧದಲ್ಲಿ ಅದರ ಉಪಯೋಗ ಕಂಡಿತು. ಜೂನ್ 8ರಂದು ಅಮೆರಿಕದ ಲಿಬರ್ಟಿ ಹಡಗಿನ ಮೇಲೆ ದಾಳಿಯಾದಾಗ, ವಿಮಾನವಾಹಕ ನೌಕೆಯಿಂದ ಏರುತ್ತಿರುವ ವಿಮಾನಗಳು ಹೊರಟಿರುವುದು ಆ ಹಡಗಿನ ಬಳಿಗೆ ಎಂದು ಅಧ್ಯಕ್ಷ ಜಾನ್ಸನ್ ಸೋವಿಯತ್ ಪ್ರಧಾನಿ ಕೊಸಿಗಿನ್‌ಗೆ ತಿಳಿಸಿದರು. ಹತ್ತಿರದಲ್ಲಿಯೇ ಇದ್ದ ಸೋವಿಯತ್ ನೌಕಾಪಡೆ ಬೇರೇನೋ ಭಾವಿಸದಿರಲು ಅಷ್ಟು ಸಾಕಾಯಿತು.

ಆದರೆ ಎತ್ತದ ಹಾಟ್‌ಲೈನ್‌ನಿಂದ ಪ್ರಯೋಜನವಿಲ್ಲ. 2023ರ ಫೆಬ್ರುವರಿಯಲ್ಲಿ ಚೀನಾದ ಬಲೂನನ್ನು ಅಮೆರಿಕ ಹೊಡೆದುರುಳಿಸಿದ ಬೆನ್ನಿಗೆ ಅಮೆರಿಕದ ರಕ್ಷಣಾ ಸಚಿವರು ಮಾತನಾಡಬಯಸಿದಾಗ ಚೀನಾದ ರಕ್ಷಣಾ ಸಚಿವಾಲಯ ನಿರಾಕರಿಸಿತು. ಎರಡೂ ಸೇನೆಗಳ ನಡುವಣ ಉನ್ನತ ಮಟ್ಟದ ಸಂಪರ್ಕವನ್ನು ಮತ್ತೆ ತೆರೆಯಲು ಆ ವರ್ಷದ ನವೆಂಬರ್‌ನಲ್ಲಿ ಬೈಡನ್ ಮತ್ತು ಷಿ ಜಿನ್‌ಪಿಂಗ್ ಅವರೇ ಭೇಟಿಯಾಗಬೇಕಾಯಿತು.

ವಿಶ್ವಸಂಸ್ಥೆ ಇರುವುದೇ ಇದಕ್ಕಲ್ಲವೆ? ವಿಟೊ ಇರುವವರೆಗೆ ಅದರಿಂದ ಏನಾದೀತು?

ಭದ್ರತಾ ಮಂಡಳಿಯ 15 ಸದಸ್ಯರಲ್ಲಿ ಐವರಿಗೆ ವಿಟೊ, ಅಂದರೆ ಒಬ್ಬರೇ ನಿರ್ಣಯವನ್ನು ತಡೆಯುವ ಅಧಿಕಾರ, ಇದೆ. ಅವರಲ್ಲೊಬ್ಬರೇ ಆಕ್ರಮಣಕಾರರಾದರೆ ಮಂಡಳಿಯ ಕೈ ಕಟ್ಟಿಹೋಗುತ್ತದೆ. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಕುರಿತ ನಿರ್ಣಯವನ್ನು ರಷ್ಯಾ ವಿಟೊ ಮಾಡಿತು. ಇದನ್ನು ಹಲವರು ವಿನ್ಯಾಸದ ದೋಷ ಎನ್ನುತ್ತಾರೆ. 1945ರಲ್ಲಿ ಇದನ್ನು ರೂಪಿಸಿದವರ ಕಣ್ಣಮುಂದೆ ವಿಶ್ವಸಂಸ್ಥೆಗಿಂತ ಮೊದಲಿದ್ದ ರಾಷ್ಟ್ರಸಂಘದ ಗತಿಯಿತ್ತು: ಅಮೆರಿಕ ಸೇರಲೇ ಇಲ್ಲ, ಜಪಾನ್ ಮತ್ತು ಜರ್ಮನಿ 1933ರಲ್ಲಿ ಹೊರನಡೆದವು, ಇಥಿಯೋಪಿಯಾದ ಮೇಲೆ ದಂಡೆತ್ತಿಹೋದ ಇಟಲಿಯನ್ನು ಸಂಘದಿಂದ ತಡೆಯಲಾಗಲಿಲ್ಲ. ಮಹಾಶಕ್ತಿಗಳನ್ನು ಒಳಗೇ ಇಟ್ಟುಕೊಳ್ಳಲು ಕೊಟ್ಟ ಬೆಲೆಯೇ ವಿಟೊ. ಮಂಡಳಿಯು ಮಹಾಶಕ್ತಿಯೊಂದರ ವಿರುದ್ಧ ಬಲಪ್ರಯೋಗಕ್ಕೆ ಮತ ಹಾಕುವ ಸ್ಥಿತಿ ಬಂದರೆ ಅದೇ ಮಹಾಯುದ್ಧದ ಆರಂಭವಾದೀತು ಎಂಬ ಅವರ ಲೆಕ್ಕಾಚಾರ ಇಂದಿಗೂ ತಳ್ಳಿಹಾಕುವಂಥದ್ದಲ್ಲ.

ವಿಟೊ ಬಿದ್ದಾಗ ವಿಷಯ ಸಾಮಾನ್ಯ ಸಭೆಗೆ ಹೋಗಬಹುದು. 2022ರ ಮಾರ್ಚ್ 2ರಂದು ಅಲ್ಲಿ 141 ರಾಷ್ಟ್ರಗಳು ರಷ್ಯಾದ ಆಕ್ರಮಣವನ್ನು ಖಂಡಿಸುವ ನಿರ್ಣಯವನ್ನು ಬೆಂಬಲಿಸಿದವು, 5 ವಿರೋಧಿಸಿದವು, 35 ತಟಸ್ಥವಾಗಿ ಉಳಿದವು. ಇಂಥ ನಿರ್ಣಯಕ್ಕೆ ಕಡ್ಡಾಯದ ಬಲವಿಲ್ಲ. ಅದಕ್ಕಿಂತ ಹೆಚ್ಚಿನ ಕೆಲಸ ನಡೆಯುವುದು ಮಹಾಕಾರ್ಯದರ್ಶಿಯ ಕಚೇರಿಯಲ್ಲಿ. ಕ್ಯೂಬಾ ಬಿಕ್ಕಟ್ಟಿನಲ್ಲಿ ಬರ್ಮಾದ ಊ ಥಾಂಟ್ ಎರಡೂ ಕಡೆಗೆ ಸಂಯಮದ ಮನವಿ ಕಳುಹಿಸಿದರು. ಕೆನೆಡಿಯ ಮಾತಿಗೆ ಮಣಿಯುವುದು ಕ್ರುಶ್ಚೆವ್‌ಗೆ ಅವಮಾನವಾಗಬಹುದಿತ್ತು, ವಿಶ್ವಸಂಸ್ಥೆಯ ಮಾತಿಗೆ ಬೆಲೆ ಕೊಟ್ಟು ಹಡಗು ನಿಲ್ಲಿಸುವುದರಲ್ಲಿ ಆ ತೊಂದರೆಯಿರಲಿಲ್ಲ.

ಪರಮಾಣು ಅಸ್ತ್ರಗಳ ಭಯವೇ ಶಾಂತಿಯನ್ನು ಕಾಯುತ್ತಿದೆ ಎನ್ನುತ್ತಾರೆ. ಇದು ನಿಜವೆ?

ಅರ್ಧ ನಿಜ. 1945ರಿಂದೀಚೆಗೆ ಮಹಾಶಕ್ತಿಗಳು ಬಹಿರಂಗ ಪೂರ್ಣ ಯುದ್ಧಕ್ಕೆ ಇಳಿದಿಲ್ಲ, ಅದರಲ್ಲಿ ಈ ಭಯದ ಪಾಲು ದೊಡ್ಡದೇ. ಆದರೆ ಭಯ ಕೆಲಸ ಮಾಡುವುದು ಎಚ್ಚರಿಕೆ ವ್ಯವಸ್ಥೆ ಸರಿಯಾಗಿರುವವರೆಗೆ ಮಾತ್ರ. 1983ರ ಸೆಪ್ಟೆಂಬರ್ 26ರ ನಸುಕಿನಲ್ಲಿ ಮಾಸ್ಕೊ ಸಮೀಪದ ಕೇಂದ್ರವೊಂದರಲ್ಲಿ, ಅಮೆರಿಕದಿಂದ ಮೊದಲು ಒಂದು, ಆಮೇಲೆ ನಾಲ್ಕು ಕ್ಷಿಪಣಿಗಳು ಹೊರಟಿವೆಯೆಂದು ಉಪಗ್ರಹ ವ್ಯವಸ್ಥೆ ಸೂಚಿಸಿತು. ಪಾಳಿಯಲ್ಲಿದ್ದ ಲೆಫ್ಟಿನೆಂಟ್ ಕರ್ನಲ್ ಸ್ಟಾನಿಸ್ಲಾವ್ ಪೆಟ್ರೊವ್, ದಾಳಿ ಮಾಡುವವರು ಬರೀ ಐದು ಕ್ಷಿಪಣಿ ಹಾರಿಸುವುದಿಲ್ಲ ಎಂದು ತರ್ಕಿಸಿ ಸುಳ್ಳು ಎಚ್ಚರಿಕೆಯೆಂದು ವರದಿ ಮಾಡಿದರು. ಮೋಡಗಳ ಮೇಲೆ ಪ್ರತಿಫಲಿಸಿದ ಬಿಸಿಲು ಉಪಗ್ರಹವನ್ನು ದಾರಿತಪ್ಪಿಸಿತ್ತು. 1995ರ ಜನವರಿಯಲ್ಲಿ ನಾರ್ವೆಯಿಂದ ಹಾರಿದ ವೈಜ್ಞಾನಿಕ ರಾಕೆಟ್ಟನ್ನು ರಷ್ಯಾದ ರೇಡಾರ್ ಕ್ಷಿಪಣಿಯೆಂದು ಭಾವಿಸಿ, ಅಧ್ಯಕ್ಷ ಯೆಲ್ಟ್ಸಿನ್ ಅವರ ‘ಪರಮಾಣು ಪೆಟ್ಟಿಗೆ’, ಅಂದರೆ ಅಸ್ತ್ರ ಬಳಕೆಯ ಆದೇಶ ಕೊಡುವ ಸಾಧನವೇ, ಸಕ್ರಿಯವಾಯಿತು. ನಾರ್ವೆ ಮುಂಚಿತವಾಗಿಯೇ ತಿಳಿಸಿತ್ತು. ಆ ಮಾಹಿತಿ ರೇಡಾರ್ ಸಿಬ್ಬಂದಿಯವರೆಗೆ ಹೋಗಿರಲಿಲ್ಲ.

ಖಂಡಾಂತರ ಕ್ಷಿಪಣಿಗೆ ಗುರಿ ತಲುಪಲು ಬೇಕಾಗುವುದು ಸುಮಾರು 30 ನಿಮಿಷ. ಪತ್ತೆ, ಪರಿಶೀಲನೆ, ಸಮಾಲೋಚನೆ ಎಲ್ಲ ಕಳೆದು ನಾಯಕನಿಗೆ ಉಳಿಯುವುದು ಕೆಲವೇ ನಿಮಿಷ. 1914ರಲ್ಲಿ 48 ಗಂಟೆ ಸಾಲದಾಗಿತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಶಸ್ತ್ರಾಸ್ತ್ರ ಒಪ್ಪಂದಗಳಿಂದ ಲಾಭವಾಗಿದೆಯೆ?

ಆಗಿದೆ. 1980ರ ದಶಕದ ಮಧ್ಯದಲ್ಲಿ ಜಗತ್ತಿನಲ್ಲಿ ಸುಮಾರು 70,000 ಪರಮಾಣು ಸಿಡಿತಲೆಗಳಿದ್ದವು, ಈಗ ಸುಮಾರು 12,000 ಇವೆ. ಸಂಖ್ಯೆಗಿಂತ ಮುಖ್ಯವಾದುದು ಪರಸ್ಪರ ತಪಾಸಣೆ. 2010ರಲ್ಲಿ ಅಮೆರಿಕ ಮತ್ತು ರಷ್ಯಾ ಸಹಿ ಹಾಕಿದ ‘ನ್ಯೂ ಸ್ಟಾರ್ಟ್’ ಒಪ್ಪಂದವು ನಿಯೋಜಿತ ಸಿಡಿತಲೆಗಳನ್ನು ತಲಾ 1,550ಕ್ಕೆ ಮಿತಿಗೊಳಿಸಿತು, ವರ್ಷಕ್ಕೆ 18ರವರೆಗೆ ಸ್ಥಳ ತಪಾಸಣೆಗೂ ಅವಕಾಶ ಕೊಟ್ಟಿತು. ಎದುರಾಳಿಯ ನೆಲೆಗೇ ಹೋಗಿ ಎಣಿಸಿ ಬರಬಹುದಾದಾಗ ಊಹೆಗೆ ಜಾಗ ಕಡಿಮೆ. 2020ರಲ್ಲಿ ಕೋವಿಡ್ ಕಾರಣಕ್ಕೆ ನಿಂತ ತಪಾಸಣೆ ಮತ್ತೆ ಶುರುವಾಗಲಿಲ್ಲ, 2023ರಲ್ಲಿ ರಷ್ಯಾ ಭಾಗವಹಿಸುವಿಕೆಯನ್ನು ಅಮಾನತಿನಲ್ಲಿಟ್ಟಿತು, ಒಪ್ಪಂದದ ಅವಧಿ ಇದ್ದದ್ದು 2026ರ ಫೆಬ್ರುವರಿ 5ರವರೆಗೆ. ಮಧ್ಯಮ ವ್ಯಾಪ್ತಿಯ ಕ್ಷಿಪಣಿಗಳ 1987ರ ಒಪ್ಪಂದವಂತೂ 2019ರಲ್ಲಿಯೇ ಕೊನೆಗೊಂಡಿತ್ತು.

ಮೈತ್ರಿಕೂಟದ ಒಂದು ದೇಶದ ಮೇಲೆ ಕ್ಷಿಪಣಿ ಬಿದ್ದರೆ ಉಳಿದವು ತಾವಾಗಿಯೇ ಯುದ್ಧಕ್ಕೆ ಇಳಿಯಬೇಕೆ?

ತಾವಾಗಿಯೇ ಎಂಬುದೇನೂ ಇಲ್ಲ. ಅಮೆರಿಕ ಮತ್ತು ಯುರೋಪಿನ ಹಲವು ದೇಶಗಳಿರುವ ಸೇನಾ ಮೈತ್ರಿಕೂಟ ನೇಟೊದ ಒಪ್ಪಂದದ 5ನೇ ವಿಧಿಯ ಪ್ರಕಾರ ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ. ಆದರೆ ಪ್ರತಿ ಸದಸ್ಯ ರಾಷ್ಟ್ರವೂ ತನಗೆ ಅಗತ್ಯವೆನಿಸಿದ ಕ್ರಮ ಕೈಗೊಳ್ಳುತ್ತದೆ. ಆ ವಿಧಿಯನ್ನು ಬಳಸಿದ್ದು ಒಂದೇ ಬಾರಿ, 2001ರ ಸೆಪ್ಟೆಂಬರ್ 11ರ ದಾಳಿಯ ನಂತರ.

2022ರ ನವೆಂಬರ್ 15ರಂದು ಉಕ್ರೇನ್ ಗಡಿಯ ಹತ್ತಿರದ ಪೋಲೆಂಡ್ ಹಳ್ಳಿ ಪ್ಶೆವೊದುವ್‌ನಲ್ಲಿ ಕ್ಷಿಪಣಿ ಬಿದ್ದು ಇಬ್ಬರು ಸತ್ತರು. ಅಂದು ರಷ್ಯಾ ಉಕ್ರೇನ್ ಮೇಲೆ ಭಾರಿ ಕ್ಷಿಪಣಿ ದಾಳಿ ನಡೆಸಿತ್ತು, ಹಾಗಾಗಿ ಮೊದಲ ಸುದ್ದಿಗಳು ಬೆರಳು ತೋರಿಸಿದ್ದು ರಷ್ಯಾದತ್ತ. ಜಿ-20 ಸಭೆಗೆಂದು ಬಾಲಿಯಲ್ಲಿದ್ದ ನಾಯಕರು ಮರುದಿನ ಬೆಳಗ್ಗೆಯೇ ತುರ್ತು ಸಭೆ ಸೇರಿದರು. ಹಾರಿದ ಪಥವನ್ನು ನೋಡಿದರೆ ಕ್ಷಿಪಣಿ ರಷ್ಯಾದಿಂದ ಬಂದಿರುವ ಸಾಧ್ಯತೆ ಕಡಿಮೆ ಎಂದು ಬೈಡನ್ ಹೇಳಿದರು. ಅದು ಉಕ್ರೇನಿನ ವಾಯುರಕ್ಷಣಾ ಕ್ಷಿಪಣಿಯಾಗಿರಬೇಕು ಎಂಬ ನಿರ್ಣಯಕ್ಕೆ ಪೋಲೆಂಡ್ ಮತ್ತು ನೇಟೊ ಮರುದಿನವೇ ಬಂದವು. ಸುದ್ದಿವಾಹಿನಿಗಳ ವೇಗಕ್ಕೆ ತಾಳ ಹಾಕದೆ ಒಂದು ರಾತ್ರಿ ಕಾದದ್ದೇ ಅಲ್ಲಿಯ ರಾಜತಾಂತ್ರಿಕತೆ.

ಉಕ್ರೇನ್ ಯುದ್ಧ ಹರಡದಿರಲು ಇನ್ನೇನು ನಡೆದಿದೆ?

2022ರ ಮಾರ್ಚ್‌ನಲ್ಲಿ ಉಕ್ರೇನ್ ಆಕಾಶವನ್ನು ಹಾರಾಟ ನಿಷೇಧ ವಲಯವಾಗಿಸಬೇಕೆಂಬ ಬೇಡಿಕೆಯನ್ನು ನೇಟೊ ತಳ್ಳಿಹಾಕಿತು, ಅದನ್ನು ಜಾರಿ ಮಾಡಬೇಕಾದರೆ ರಷ್ಯಾದ ವಿಮಾನಗಳನ್ನು ತಾನೇ ಉರುಳಿಸಬೇಕಾಗುತ್ತಿತ್ತು. ಅದೇ ತಿಂಗಳು ಅಮೆರಿಕ ಮತ್ತು ರಷ್ಯಾ ಸೇನೆಗಳು ಅಕಸ್ಮಾತ್ ಘರ್ಷಣೆ ತಪ್ಪಿಸಲು ದೂರವಾಣಿ ಸಂಪರ್ಕವನ್ನು ಸ್ಥಾಪಿಸಿಕೊಂಡವು. ನವೆಂಬರ್‌ನಲ್ಲಿ ಎರಡೂ ದೇಶಗಳ ಗುಪ್ತಚರ ಮುಖ್ಯಸ್ಥರು ಅಂಕಾರಾದಲ್ಲಿ ಭೇಟಿಯಾದಾಗ, ಪರಮಾಣು ಅಸ್ತ್ರ ಬಳಸಿದರೆ ಆಗುವ ಪರಿಣಾಮಗಳನ್ನು ಅಮೆರಿಕ ತಿಳಿಸಿತು. ಪಾಶ್ಚಾತ್ಯರ ಈ ಎಚ್ಚರವೇ ಉಕ್ರೇನಿಗೆ ಬೇಕಾದ ಶಸ್ತ್ರಗಳನ್ನು ತಡಮಾಡಿತು ಎಂಬ ಟೀಕೆಯಲ್ಲಿ ಹುರುಳಿದೆ; ಮಹಾಯುದ್ಧ ತಪ್ಪಿಸುವ ಬೆಲೆಯನ್ನು ಯಾವಾಗಲೂ ಸಮನಾಗಿ ಹಂಚಿಕೊಳ್ಳುವುದಿಲ್ಲ, ಹೆಚ್ಚಿನ ಪಾಲು ಬೀಳುವುದು ಯುದ್ಧ ನಡೆಯುತ್ತಿರುವ ನೆಲದವರ ತಲೆಯ ಮೇಲೆಯೇ.

ದೊಡ್ಡ ರಾಷ್ಟ್ರಗಳ ಜಗಳದಲ್ಲಿ ತಟಸ್ಥರಿಗೆ ಏನು ಕೆಲಸ?

ಎರಡೂ ಕಡೆಯವರು ನೇರವಾಗಿ ಮಾಡಲಾಗದ ಕೆಲಸ. ಕೊರಿಯಾ ಕದನ ವಿರಾಮದ ಮಾತುಕತೆ ಒಂದು ವರ್ಷಕ್ಕೂ ಹೆಚ್ಚು ಕಾಲ ಸಿಕ್ಕಿಕೊಂಡಿದ್ದು ಯುದ್ಧಕೈದಿಗಳ ಪ್ರಶ್ನೆಯಲ್ಲಿ: ತಾಯ್ನಾಡಿಗೆ ಮರಳಲು ಒಪ್ಪದವರನ್ನು ಏನು ಮಾಡಬೇಕು? 1953ರಲ್ಲಿ ಅವರ ಜವಾಬ್ದಾರಿಯನ್ನು ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ವಹಿಸಲಾಯಿತು. ಅದರ ಅಧ್ಯಕ್ಷತೆ ಭಾರತದ್ದು, ಅಧ್ಯಕ್ಷರು ಲೆಫ್ಟಿನೆಂಟ್ ಜನರಲ್ ಕೆ.ಎಸ್. ತಿಮ್ಮಯ್ಯ. ಎರಡೂ ಕಡೆಯವರಿಂದ ಬೈಸಿಕೊಂಡೇ ಆಯೋಗ ಕೆಲಸ ಮುಗಿಸಿತು. 2022ರ ಜುಲೈನಲ್ಲಿ ಟರ್ಕಿ ಮತ್ತು ವಿಶ್ವಸಂಸ್ಥೆ ಇಸ್ತಾಂಬುಲ್‌ನಲ್ಲಿ ಕುದುರಿಸಿದ ಕಪ್ಪುಸಮುದ್ರದ ಧಾನ್ಯ ಒಪ್ಪಂದವೂ ಇದೇ ಜಾತಿಯದು. ಒಂದು ವರ್ಷ ನಡೆದು ರಷ್ಯಾ ಹೊರನಡೆದಾಗ ನಿಂತಿತು.

ಕೃತಕ ಬುದ್ಧಿಮತ್ತೆಯಿಂದ ಅಪಾಯ ಹೆಚ್ಚಿದೆಯೆ?

ನಿರ್ಧಾರದ ಸಮಯವನ್ನು ಕುಗ್ಗಿಸುವ ಯಾವ ತಂತ್ರಜ್ಞಾನವೂ ಅಪಾಯವನ್ನು ಹೆಚ್ಚಿಸುತ್ತದೆ. ಪರಮಾಣು ಅಸ್ತ್ರ ಬಳಕೆಯ ತೀರ್ಮಾನ ಮನುಷ್ಯರ ಹಿಡಿತದಲ್ಲಿಯೇ ಇರಬೇಕೆಂದು 2024ರ ನವೆಂಬರ್‌ನಲ್ಲಿ ಲಿಮಾದಲ್ಲಿ ಬೈಡನ್ ಮತ್ತು ಷಿ ಒಪ್ಪಿದ್ದು ಒಳ್ಳೆಯ ಆರಂಭ. ಆದರೆ ಮನುಷ್ಯನ ಮುಂದಿರುವ ಪರದೆಯ ಮೇಲೆ ಏನು ಕಾಣಿಸಬೇಕೆಂಬುದನ್ನು ಯಂತ್ರವೇ ಆರಿಸುತ್ತಿದ್ದರೆ ಹಿಡಿತ ಯಾರದು ಎಂಬುದಕ್ಕೆ ಆ ಹೇಳಿಕೆ ಉತ್ತರಿಸುವುದಿಲ್ಲ.

ಸುದ್ದಿ ಓದುವವರು ನಿಜವಾದ ಅಪಾಯವನ್ನು ಗುರುತಿಸುವುದು ಹೇಗೆ?

ನಾಯಕರ ಬೆದರಿಕೆಯ ಮಾತುಗಳಿಗಿಂತ ಸಾಮಾನು ಸಾಗಣೆಯನ್ನು ಗಮನಿಸಬೇಕು. 2022ರ ಜನವರಿಯ ಕೊನೆಯಲ್ಲಿ, ರಷ್ಯಾ ಗಡಿಯ ಬಳಿಗೆ ಗಾಯಾಳುಗಳಿಗೆ ಬೇಕಾದ ರಕ್ತವನ್ನೂ ಸಾಗಿಸಿದೆಯೆಂದು ಅಮೆರಿಕದ ಅಧಿಕಾರಿಗಳು ತಿಳಿಸಿದ್ದರು. ಬರೀ ಬೆದರಿಸುವ ಸೇನೆಗೆ ರಕ್ತದ ದಾಸ್ತಾನು ಬೇಕಾಗುವುದಿಲ್ಲ. ರಾಯಭಾರ ಕಚೇರಿಗಳು ಖಾಲಿಯಾಗುವುದು, ಸೇನೆಗಳ ನಡುವಣ ದೂರವಾಣಿಗೆ ಉತ್ತರ ನಿಲ್ಲುವುದು, ಸಮರಾಭ್ಯಾಸ ಮುಗಿದರೂ ಪಡೆಗಳು ವಾಪಸಾಗದಿರುವುದು ಇಂಥವೇ ಸೂಚನೆಗಳು.

ಯುರೋಪಿನಲ್ಲಿ ಇದಕ್ಕೊಂದು ನಿಯಮವೇ ಇದೆ. ಸೇನಾ ಚಟುವಟಿಕೆಗಳ ಪಾರದರ್ಶಕತೆಗೆಂದು ಮಾಡಿಕೊಂಡ ‘ವಿಯೆನ್ನಾ ದಾಖಲೆ’ ಎಂಬ ಒಪ್ಪಂದದ ಪ್ರಕಾರ 9,000 ಅಥವಾ ಅದಕ್ಕಿಂತ ಹೆಚ್ಚು ಸೈನಿಕರ ಅಭ್ಯಾಸವನ್ನು 42 ದಿನ ಮುಂಚೆ ತಿಳಿಸಬೇಕು. ಅಸಹಜ ಚಟುವಟಿಕೆ ಕಂಡರೆ ನೆರೆಯ ದೇಶ ವಿವರಣೆ ಕೇಳಬಹುದು, ಕೇಳಿಸಿಕೊಂಡವರು 48 ಗಂಟೆಗಳಲ್ಲಿ ಉತ್ತರಿಸಬೇಕು. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಈ ನಿಯಮದಂತೆ ರಷ್ಯಾದಿಂದ ವಿವರಣೆ ಕೇಳಿತು, ಗಡುವಿನೊಳಗೆ ಉತ್ತರ ಬರಲಿಲ್ಲ. ಪೂರ್ಣ ಪ್ರಮಾಣದ ಆಕ್ರಮಣ ಆರಂಭವಾದದ್ದು ಅದೇ ತಿಂಗಳ 24ರಂದು.